ಐಲಾ ಅತ್ತೆ ಕಾಯ್ದ ದಾರಿ

ನನ್ನ ಕೈಬರಹ ಚೆನ್ನಾಗಿಲ್ಲ, ಕ್ಷಮಿಸಬೇಕು. ನನ್ನ ಅಕ್ಷರಗಳು ಒಂದರ ಮೇಲೊಂದು ಬೀಳುತ್ತವೆ ಎಂದು ಶಾಲೆಯಲ್ಲಿ ಹೇಳುತ್ತಿದ್ದರು. ಶಾಲೆಯನ್ನೂ ನಾನು ಪೂರ್ತಿ ಮಾಡಲಿಲ್ಲ, ಆದ್ದರಿಂದ ಒಳ್ಳೆಯ ಮಾತುಗಳು ನನ್ನ ಹತ್ತಿರ ಹೆಚ್ಚಿಲ್ಲ. ಪ್ರತಿ ರಸ್ತೆಯಿಂದ ಒಬ್ಬರ ಬಗ್ಗೆ ಬರೆದುಕೊಡಿ, ಎಲ್ಲ ಸೇರಿಸಿ ಪುಸ್ತಕ ಮಾಡುತ್ತೇವೆ ಎಂದು ಊರಿನ ಲೈಬ್ರರಿಯವರು ಕೇಳಿದ್ದರು. ನಮ್ಮ ರಸ್ತೆಯಲ್ಲಿ ಬರೆಯಲು ಬೇರೆ ಯಾರೂ ಇಲ್ಲ. ಹಾಗಾಗಿ ನನ್ನ ತಂದೆಯ ಅಕ್ಕ ಐಲಾ ಬಗ್ಗೆ ನಾನೇ ಬರೆಯುತ್ತಿದ್ದೇನೆ. ಅವಳ ಹಿಮ ತೆಗೆಯುವ ಗಾಡಿಯ ವಿಷಯ ಬರುವ ಕಡೆ ತಪ್ಪಾಗಬಾರದೆಂದು, ಅದನ್ನು ರಿಪೇರಿ ಮಾಡಿದ ನೆರೆಮನೆಯ ಲೆಸ್ಟರನನ್ನು ಎರಡೆರಡು ಸಲ ಕೇಳಿ ಬರೆದಿದ್ದೇನೆ.

ಐಲಾ ಅತ್ತೆ ಶಾಲೆಯ ಬಸ್ಸು ಓಡಿಸುತ್ತಿದ್ದಳು. ಈ ಕಡೆಯ ನಡುವಯಸ್ಸಿನವರೆಲ್ಲ ಒಂದು ಕಾಲದಲ್ಲಿ ಅವಳ ಬಸ್ಸಿನಲ್ಲಿ ಮೂಗು ಸೋರಿಸಿಕೊಂಡು ಕೂತವರೇ. ಈಗಲೂ ಅಂಗಡಿಯಲ್ಲಿ ಸಿಕ್ಕರೆ ಅವಳನ್ನು 'ಡ್ರೈವರಮ್ಮ' ಎಂದೇ ಕರೆಯುತ್ತಾರೆ. ಮಕ್ಕಳು ಗಲಾಟೆ ಮಾಡಿದರೆ ಅವಳು ಬೈಯುತ್ತಿರಲಿಲ್ಲ. ಬಸ್ಸನ್ನು ರಸ್ತೆಯ ಪಕ್ಕಕ್ಕೆ ನಿಲ್ಲಿಸಿ, ಉಣ್ಣೆ ಮತ್ತು ಕಡ್ಡಿ ಕೈಗೆತ್ತಿಕೊಂಡು ಹೆಣೆಯಲು ಕೂರುತ್ತಿದ್ದಳು. ಎಲ್ಲರೂ ಬಾಯಿ ಮುಚ್ಚಿದ ಮೇಲೂ ಹಿಡಿದ ಸಾಲು ಮುಗಿಯುವವರೆಗೆ ಬಸ್ಸು ಹೊರಡುತ್ತಿರಲಿಲ್ಲ. ನಾನೂ ಆ ಬಸ್ಸಿನಲ್ಲಿ ಹೋಗಿದ್ದೇನೆ. ಶಾಲೆ ಬಿಟ್ಟ ವರ್ಷ ಅವಳ ಮನೆಗೆ ಇರಲು ಬಂದೆ. ಯಾಕೆ ಬಿಟ್ಟೆ ಎಂದು ಊರಿನಲ್ಲಿ ಎಲ್ಲರೂ ಕೇಳಿದರು. ಅವಳು, "ಆಲೂಗಡ್ಡೆ ಸುಲಿಯೋಕೆ ಬರುತ್ತಾ?" ಎಂದು ಮಾತ್ರ ಕೇಳಿದಳು. ಬರುತ್ತೆ ಎಂದೆ.

ಅವಳ ಗಂಡ ಆರ್ವಿಡ್ ಮಾವ ಕಾಡಿನಲ್ಲಿ ಮರ ಕಡಿಯುವ ಕೆಲಸದಲ್ಲಿದ್ದವನು. ಕಿಡ್ನಿ ಕೆಟ್ಟ ಮೇಲೆ ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ ಪಟ್ಟಣದ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರಬೇಕು. ಒಂದು ಸಲ ತಪ್ಪಿದರೆ ಮೈಯಲ್ಲಿ ನೀರು ನಿಂತು ಉಸಿರು ಕಟ್ಟುತ್ತದೆ. ಚಳಿಗಾಲ ಮುಗಿಯುವವರೆಗೆ ಪಟ್ಟಣದ ಆರೈಕೆ ಮನೆಯಲ್ಲಿ ಇದ್ದುಬಿಡಿ ಎಂದು ಆಸ್ಪತ್ರೆಯವರು ಹೇಳಿದ್ದರು. ಮಾವ ಆ ಮನೆಯನ್ನು ಒಮ್ಮೆ ನೋಡಿ ಬಂದಿದ್ದ. "ಅಲ್ಲಿ ಕಿಟಕಿ ತೆಗೆಯೋಕೆ ಆಗಲ್ಲ ಐಲಾ, ಮೊಳೆ ಹೊಡೆದಿದ್ದಾರೆ," ಎಂದ. ಅತ್ತೆ ಆಸ್ಪತ್ರೆಯವರಿಗೆ ಒಂದೇ ಮಾತು ಹೇಳಿದಳು: "ದಾರಿ ನಾನು ತೆಗೀತೀನಿ. ಇವನು ಮನೇಲೇ ಇರ್ತಾನೆ."

ದಾರಿ ತೆಗೆಯುವುದು ಇಲ್ಲಿ ಸಣ್ಣ ಕೆಲಸವಲ್ಲ. ಸುಪೀರಿಯರ್ ಸರೋವರದ ಮೇಲಿಂದ ಗಾಳಿ ತಿರುಗಿದರೆ ಹಿಮ ಬೀಳುವುದು ನಿಲ್ಲುವುದೇ ಇಲ್ಲ. ಸರ್ಕಾರದ ಹಿಮ ತೆಗೆಯುವ ಲಾರಿ ಸೇತುವೆಯವರೆಗೆ ಬಂದು, ಅಲ್ಲಿ ಲೆಸ್ಟರನ ಮನೆಯ ಮುಂದೆ ತಿರುಗಿಸಿಕೊಂಡು ಹೋಗುತ್ತದೆ. ಅಲ್ಲಿಂದಾಚೆ ನಮ್ಮ ಮನೆಯವರೆಗಿನ ದಾರಿ ಹಿಂದೆ ತಾಮ್ರದ ಗಣಿಯ ರೈಲು ಓಡಾಡುತ್ತಿದ್ದ ಜಾಗ. ನಡುವೆ ಒಂದು ಕಡೆ ಬಂಡೆಯನ್ನು ಕಡಿದು ರೈಲಿಗೆ ಸಂದಿ ಮಾಡಿದ್ದಾರೆ. ಎರಡೂ ಪಕ್ಕ ಕಲ್ಲಿನ ಗೋಡೆ. ಆ ಸಂದಿಯಲ್ಲಿ ಹಿಮವನ್ನು ಪಕ್ಕಕ್ಕೆ ತಳ್ಳಲು ಜಾಗವಿಲ್ಲ. ಮುಂದಕ್ಕೆ ತಳ್ಳಿಕೊಂಡು ಸಂದಿಯ ಆಚೆಗೆ ಒಯ್ದು, ಎತ್ತಿ ರಾಶಿ ಹಾಕಬೇಕು. ಬಾಡಿಗೆಗೆ ಹಿಮ ತೆಗೆಯುವವರು ಬಂದು ನೋಡಿದರು. ನಮ್ಮ ದೊಡ್ಡ ಟ್ರಕ್ಕು ಇದರಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ಹೊರಟುಹೋದರು.

ಅದಕ್ಕೇ ಅತ್ತೆ ಸಣ್ಣ ಗಾಡಿ ತಂದಳು. ಇಬ್ಬರು ಪಕ್ಕಪಕ್ಕ ಕೂರುವಂಥ, ದಪ್ಪ ಚಕ್ರಗಳ ಗಾಡಿ. ಮುಂದೆ ಹಿಮ ತಳ್ಳುವ ಉಕ್ಕಿನ ಹಲಗೆ. ಹಲಗೆಯನ್ನು ಎತ್ತಲು, ಎಡಕ್ಕೆ ಬಲಕ್ಕೆ ತಿರುಗಿಸಲು ಹೈಡ್ರಾಲಿಕ್ ಪಂಪು. ಸ್ವಿಚ್ಚು ಒತ್ತಿದರೆ ಪಂಪು ಒಂದು ಸಣ್ಣ ಟ್ಯಾಂಕಿನಿಂದ ಎಣ್ಣೆ ಹೀರಿ ಪೈಪುಗಳಿಗೆ ನೂಕುತ್ತದೆ, ಆ ಒತ್ತಡಕ್ಕೆ ಹಲಗೆ ಏಳುತ್ತದೆ.

ಗಾಡಿ ಬಂದ ದಿನ ಅದನ್ನು ಎಲ್ಲಿ ನಿಲ್ಲಿಸುವುದು ಎಂಬ ಮಾತು ಬಂತು.

"ಮನೆಯೊಳಗೇ ತಂದ್ಬಿಡು. ನನ್ನ ಹಾಸಿಗೆ ಕೊಟ್ಟಿಗೆಗೆ ಹಾಕು," ಎಂದ ಆರ್ವಿಡ್ ಮಾವ.

"ನೀನು ಗೊರಕೆ ಹೊಡೀತೀಯ. ಕೋಳಿಗಳು ಮೊಟ್ಟೆ ಇಡೋದು ನಿಲ್ಲಿಸ್ತವೆ," ಎಂದಳು ಅತ್ತೆ.

ಕೊನೆಗೆ ಅಂಗಳದ ಸೌನಾದ, ಅಂದರೆ ಆವಿಸ್ನಾನದ ಮನೆಯ, ಗೋಡೆಗೆ ಆನಿಸಿ ಒಂದು ಮಾಡು ಇಳಿಸಿ, ಮರದ ಹಲಗೆಗಳಿಂದ ಮೂರು ಪಕ್ಕ ಮುಚ್ಚಿ, ಗಾಡಿಯನ್ನು ಅಲ್ಲಿ ನಿಲ್ಲಿಸಿದಳು. ಅದರಲ್ಲಿ ಯಾರಿಗೂ ತಪ್ಪು ಕಾಣಲಿಲ್ಲ. ಬೆಚ್ಚಗಿರಬೇಕಾದದ್ದನ್ನೆಲ್ಲ ನಮ್ಮವರು ಸೌನಾದ ಹತ್ತಿರವೇ ಇಡುವುದು. ಚಳಿಯಲ್ಲಿ ಹುಟ್ಟಿದ ಕರುವನ್ನು ಅಲ್ಲಿ ತಂದು ಒರಗಿಸುತ್ತಾರೆ, ಬ್ರೆಡ್ಡಿನ ಹಿಟ್ಟನ್ನು ಉಬ್ಬಲು ಅಲ್ಲಿ ಇಡುತ್ತಾರೆ. ಅತ್ತೆಯ ಅಜ್ಜಿ ಮಕ್ಕಳನ್ನು ಹೆತ್ತದ್ದೂ ಸೌನಾದಲ್ಲೇ. ಶನಿವಾರ ಒಲೆ ಹೊತ್ತಿಸಿ, ಕಾದ ಕಲ್ಲುಗಳ ಮೇಲೆ ನೀರು ಎರಚಿ, ಆವಿಯಲ್ಲಿ ಕೂತು ವಾರದ ನೋವೆಲ್ಲ ಇಳಿಸಿಕೊಳ್ಳುವುದು. ಮಾವನೂ ಬಿಸಿ ಕಡಿಮೆ ಇರುವ ಕೆಳಗಿನ ಮೆಟ್ಟಿಲಿನ ಮೇಲೆ ಸ್ವಲ್ಪ ಹೊತ್ತು ಕೂರುತ್ತಿದ್ದ. ಗೋಡೆಯ ಆಚೆ ಗಾಡಿಯೂ ಬೆಚ್ಚಗಿರುತ್ತಿತ್ತು. ಬೆಳಿಗ್ಗೆ ಕೀಲಿ ತಿರುಗಿಸಿದ ಕೂಡಲೇ ಶುರುವಾಗುತ್ತಿತ್ತು. ಲೆಸ್ಟರನ ಗಾಡಿ ಚಳಿಗೆ ಕೆಮ್ಮುತ್ತಾ ನಿಂತಿರುವಾಗ ಅತ್ತೆ ಅವನ ಮನೆಯ ಮುಂದೆ ಹೋಗಿ ಒಂದು ಸಲ ಹಾರ್ನ್ ಹೊಡೆದು ಬರುತ್ತಿದ್ದಳು. ಅವಳು ಅಷ್ಟು ಹೆಮ್ಮೆಪಟ್ಟದ್ದನ್ನು ನಾನು ಬೇರೆ ಯಾವುದರಲ್ಲೂ ನೋಡಿಲ್ಲ.

ಮೊದಲ ಸಲ ಕೆಟ್ಟದ್ದು ಒಂದು ಭಾನುವಾರ, ಕ್ರಿಸ್‌ಮಸ್ ಕಳೆದ ಮೇಲೆ. ಎಂಜಿನ್ ಶುರುವಾಯಿತು. ಸ್ವಿಚ್ಚು ಒತ್ತಿದರೆ ಪಂಪು ಗುಂಯ್ ಎಂದಿತು, ಹಲಗೆ ಮಾತ್ರ ಏಳಲಿಲ್ಲ. ಅತ್ತೆ ಸೇತುವೆಯವರೆಗೆ ನಡೆದುಹೋಗಿ ಲೆಸ್ಟರನನ್ನು ಕರೆದುಕೊಂಡು ಬಂದಳು. ಅವನು ಗ್ಯಾರೇಜಿನಲ್ಲಿ ಕೆಲಸ ಮಾಡಿದವನು, ಚಿಕ್ಕವನಿದ್ದಾಗ ಅವಳ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂರುತ್ತಿದ್ದವನು.

"ಏನಂತೆ ರಾಣಿಯವರಿಗೆ?" ಎಂದು ಗಾಡಿಯ ಮೂತಿ ತಟ್ಟಿದ.

"ಗುಂಯ್ ಅಂತಾಳೆ, ಏಳಲ್ಲ."

"ನಮ್ಮಮ್ಮ ನನ್ನ ಬಗ್ಗೆ ಹೇಳ್ತಿದ್ದ ಮಾತೇ ಇದು." ಅವನು ಮಂಡಿಯೂರಿ ಕೂತ. ಬ್ಯಾಟರಿ ನೋಡಿದ, ವೈರಿನ ತುದಿಗಳನ್ನು ಉಜ್ಜಿದ, ಪೈಪುಗಳ ಜೋಡಣೆಯನ್ನು ಬಿಚ್ಚಿ ಮತ್ತೆ ಒತ್ತಿ ಕೂರಿಸಿದ. ಹಲಗೆ ಪೂರ್ತಿ ಕೆಳಗಿರುವಾಗಲೇ ಎಣ್ಣೆಯ ಮಟ್ಟ ನೋಡಬೇಕು ಎಂದು ಹೇಳಿ ಟ್ಯಾಂಕಿನ ಮುಚ್ಚಳ ತೆಗೆದ. "ಎಣ್ಣೆ ಸರಿಯಾಗಿದೆ. ಒಂದು ಹನಿಯೂ ಸೋರಿಲ್ಲ."

ಅಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಸ್ವಿಚ್ಚು ಒತ್ತಿದರೆ ಹಲಗೆ ಏನೂ ಆಗಿಲ್ಲವೆಂಬಂತೆ ಎದ್ದು ನಿಂತಿತು. ಬ್ಯಾಟರಿ ಹಳೆಯದು, ಚಳಿಗೆ ಸೋತಿದೆ ಎಂದು ಲೆಸ್ಟರ್ ತೀರ್ಮಾನ ಮಾಡಿದ. ಅತ್ತೆ ಹೊಸ ಬ್ಯಾಟರಿ ಹಾಕಿಸಿ, ಅವನಿಗೆ ಏಲಕ್ಕಿ ಬ್ರೆಡ್ಡು ಮತ್ತು ಕಾಫಿ ಕೊಟ್ಟಳು.

ಮುಂದಿನ ಭಾನುವಾರ ಮತ್ತೆ ಹಾಗೇ ಆಯಿತು.

"ಡ್ರೈವರಮ್ಮ, ನಿಮ್ಮ ಗಾಡಿಗೆ ನಿಮಗಿಂತ ದೈವಭಕ್ತಿ ಜಾಸ್ತಿ. ಭಾನುವಾರ ಕೆಲಸ ಮಾಡಲ್ಲ ಅಂತಿದೆ," ಎಂದ ಲೆಸ್ಟರ್.

"ನೀನು ಸೋಮವಾರನೂ ಮಾಡಲ್ವಲ್ಲೋ. ನಿಂದು ಯಾವ ಭಕ್ತಿ?"

ಎಲ್ಲರೂ ನಕ್ಕೆವು. ಲೆಸ್ಟರ್ ಸ್ವಿಚ್ಚು ಬದಲಾಯಿಸಿದ. ಮಧ್ಯಾಹ್ನದ ಹೊತ್ತಿಗೆ ಹಲಗೆ ಎದ್ದಿತು. ಸ್ವಿಚ್ಚೇ ಕೆಟ್ಟಿತ್ತು ಎಂದುಕೊಂಡೆವು.

ಆಮೇಲೆ ಒಂದು ಸೋಮವಾರ ಕೆಟ್ಟಿತು. ಮಾವ ಕೋಟು, ಟೋಪಿ ಹಾಕಿಕೊಂಡು ಬಾಗಿಲ ಬಳಿ ಕುರ್ಚಿಯಲ್ಲಿ ಕೂತಿದ್ದ. ಅತ್ತೆ ಪಂಪಿನ ಮೇಲೆ ಬಿಸಿನೀರಿನ ಚೀಲ ಇಟ್ಟುಕೊಂಡು ಕಾದಳು. ದಾರಿ ತೆಗೆದು ಕಾರಿನಲ್ಲಿ ಆಸ್ಪತ್ರೆ ತಲುಪುವಷ್ಟರಲ್ಲಿ ಮಾವನಿಗೆ ಕೊಟ್ಟಿದ್ದ ಹೊತ್ತು ಅರ್ಧ ಹೋಗಿತ್ತು. ಉಳಿದ ಅರ್ಧ ಹೊತ್ತು ಮಾತ್ರ ಡಯಾಲಿಸಿಸ್ ಮಾಡಿ ಕಳಿಸಿದರು. ಅಲ್ಲಿನ ನರ್ಸು ಅತ್ತೆಯನ್ನು ಪಕ್ಕಕ್ಕೆ ಕರೆದು, "ಅಮ್ಮಾ, ಇವರ ಮೈ ಇದನ್ನೆಲ್ಲ ತಡೆಯಲ್ಲ. ಆರೈಕೆ ಮನೆಯಲ್ಲಿ ಒಂದು ಹಾಸಿಗೆ ಖಾಲಿ ಇದೆ, ಯೋಚನೆ ಮಾಡಿ," ಎಂದಳು. ನಾನು ಪಕ್ಕದಲ್ಲೇ ಇದ್ದೆ.

"ದಾರಿ ತೆಗೀತೀನಿ," ಎಂದಳು ಅತ್ತೆ. ಆದರೆ ಈ ಸಲ ಅವಳ ದನಿ ಸಣ್ಣದಾಗಿತ್ತು.

ಗಾಡಿಗೆ ಶೀತ ಹೊಡೆದಿದೆ, ಇನ್ನೂ ಬೆಚ್ಚಗಿಡಬೇಕು ಎಂದು ಅವಳಿಗೆ ಅನಿಸಿತು. ಬೇರೆ ಯಾರಿಗಾದರೂ ಹಾಗೇ ಅನಿಸುತ್ತಿತ್ತು. ಶನಿವಾರಕ್ಕೆ ಮಾತ್ರ ಉರಿಯುತ್ತಿದ್ದ ಸೌನಾದ ಒಲೆ ಈಗ ಮಂಗಳವಾರ, ಗುರುವಾರವೂ ಉರಿಯತೊಡಗಿತು. ಕಟ್ಟಿಗೆಯನ್ನು ಅವಳೇ ಹೊತ್ತಳು. ಸೌನಾದಿಂದ ಗಾಡಿಯ ಮಾಡಿಗೆ ತೆರೆಯುವ ಸಣ್ಣ ಬಾಗಿಲನ್ನು ತೆರೆದಿಟ್ಟು, ಬಿಸಿ ಅತ್ತ ಹೋಗಲಿ ಎಂದಳು. ಹಿಮದಲ್ಲಿ ದುಡಿದು ಬಂದ ಗಾಡಿ ಆ ಬಿಸಿಗೆ ಮೈಯೆಲ್ಲ ಬೆವರಿದಂತೆ ಹನಿಗಟ್ಟಿ ನಿಲ್ಲುತ್ತಿತ್ತು. ಮಾವ ಕಿಟಕಿಯಿಂದ ನೋಡಿ, "ನನ್ನನ್ನೂ ಇಷ್ಟು ಚೆನ್ನಾಗಿ ನೋಡ್ಕೊಂಡಿರಲಿಲ್ಲ ನೀನು," ಎಂದ.

"ನಿನಗೆ ಹಿಮ ತಳ್ಳೋಕೆ ಬರುತ್ತಾ? ಬಂದ್ರೆ ನಿನ್ನನ್ನೂ ನೋಡ್ಕೋತೀನಿ."

ಗಾಡಿ ಈಗ ಬುಧವಾರವೂ ಕೆಟ್ಟಿತು, ಶುಕ್ರವಾರವೂ ಕೆಟ್ಟಿತು. ಅತ್ತೆ ಮಾವನನ್ನು ಕರೆದೊಯ್ಯಲು ಹಿಮದ ಸಲಿಕೆ ಹಿಡಿದು ಬಂಡೆಯ ಸಂದಿಯನ್ನು ಕೈಯಲ್ಲೇ ತೆಗೆದ ಬೆಳಿಗ್ಗೆಗಳಿವೆ. ಲೆಸ್ಟರನೂ ತೆಗೆದ, ನಾನೂ ತೆಗೆದೆ. ಹೇಗೋ ತಲುಪುತ್ತಿದ್ದೆವು, ಆದರೆ ತಡವಾಗಿ. ಮಾವನ ಕಾಲುಗಳು ಊದಿಕೊಂಡು, ಅವನ ಬೂಟಿನ ಲೇಸು ಕಟ್ಟಲು ಆಗುತ್ತಿರಲಿಲ್ಲ.

ನಿಜವಾದ ಕಾರಣ ಸಿಕ್ಕಿದ್ದು ಲೆಸ್ಟರನಿಗೆ ಸಿಟ್ಟು ಬಂದದ್ದರಿಂದ. ನೋಡುವುದನ್ನೆಲ್ಲ ನೋಡಿಯಾಯಿತು, ಇನ್ನು ಟ್ಯಾಂಕನ್ನೇ ಬಿಚ್ಚುತ್ತೇನೆ ಎಂದ. ಗಾಡಿಯನ್ನು ಹೊರಗಿನ ಚಳಿಗೆ ತಳ್ಳಿ, ಕೆಳಗೆ ಐಸ್‌ಕ್ರೀಮಿನ ಖಾಲಿ ಡಬ್ಬ ಇಟ್ಟು ಎಣ್ಣೆ ಬಸಿದ. ಮೇಲಿನಿಂದ ನೋಡಿದಾಗ ತಿಳಿಯಾಗಿ ಕಾಣುತ್ತಿದ್ದ ಎಣ್ಣೆ ಕೆಳಗಿನಿಂದ ಬರುವಾಗ ಹಾಲು ಹಾಕಿದ ಕಾಫಿಯಂತಿತ್ತು. ಪಂಪು ಎಣ್ಣೆ ಹೀರುವ ಬಾಯಿಗೆ ಒಂದು ಜಾಲರಿ ಇರುತ್ತದೆ. ಅದನ್ನು ಹೊರತೆಗೆದು ಅಂಗೈಯಲ್ಲಿ ಹಿಡಿದ. ಜಾಲರಿಯ ತೂತುಗಳ ತುಂಬ ಮಂಜುಗಡ್ಡೆ.

"ನೀರು," ಎಂದ. "ಎಣ್ಣೆಗಿಂತ ನೀರು ಭಾರ, ತಳದಲ್ಲಿ ಕೂತ್ಕೊಂಡು ಹೆಪ್ಪುಗಟ್ಟಿದೆ. ಪಂಪು ಹೀರೋಕೆ ಹೋದ್ರೆ ಬಾಯಿ ಬಂದ್. ಎಂಜಿನ್ ಬಿಸಿಯಾದ ಮೇಲೆ ಕರಗುತ್ತೆ, ಆಗ ಹಲಗೆ ಏಳುತ್ತೆ. ಆದ್ರೆ ಈ ಟ್ಯಾಂಕಿಗೆ ನೀರು ಹಾಕಿದ್ದು ಯಾರು ಡ್ರೈವರಮ್ಮ? ಮುಚ್ಚಳದಲ್ಲಿ ಉಸಿರಾಡೋ ತೂತು ಒಂದಿದೆ, ಅಷ್ಟೇ."

ಅತ್ತೆ ಸೌನಾದ ಗೋಡೆಯನ್ನು ನೋಡುತ್ತಿದ್ದಳು. ಗಾಡಿಯ ಕಡೆಗಿದ್ದ ಒಂದೊಂದು ಮೊಳೆಯ ತಲೆಯ ಮೇಲೂ ಅಂಗಿಯ ಗುಂಡಿಯಂತೆ ಬಿಳಿ ಹಿಮ ಕೂತಿತ್ತು. ಗೋಡೆಯ ಮರದ ಹಲಗೆಗಳ ಸಂದಿನಲ್ಲಿ ಆವಿ ಬಂದು ಹೆಪ್ಪುಗಟ್ಟಿದ ಗೆರೆಗಳು.

"ನಾನೇ ಹಾಕಿದ್ದು," ಎಂದಳು. "ಶನಿವಾರ ಶನಿವಾರ ಸೌನಾದ ಆವಿನ ಆ ತೂತಿನಿಂದ ಉಸಿರಾಡ್ಸಿ ಉಸಿರಾಡ್ಸಿ ನಾನೇ ಹಾಕಿದ್ದು. ಒಲೆ ಆರಿದ ಮೇಲೆ ರಾತ್ರಿ ಹೆಪ್ಪುಗಟ್ಟಿದೆ. ಸಾಲದು ಅಂತ ಮಂಗಳವಾರನೂ ಹಾಕಿದೆ."

ಲೆಸ್ಟರ್ ಏನಾದರೂ ತಮಾಷೆ ಮಾಡುತ್ತಾನೆಂದು ನಾನು ಕಾದೆ. ಅವನು ಮಾಡಲಿಲ್ಲ.

"ನಾನಾಗಿದ್ರೂ ಅಲ್ಲೇ ನಿಲ್ಲಿಸ್ತಿದ್ದೆ ಡ್ರೈವರಮ್ಮ. ನಮ್ಮಪ್ಪನೂ ಅಲ್ಲೇ ನಿಲ್ಲಿಸ್ತಿದ್ದ," ಎಂದ.

ಟ್ಯಾಂಕು ತೊಳೆದು, ಪೈಪುಗಳನ್ನು ಬಸಿದು, ಹೊಸ ಎಣ್ಣೆ ತುಂಬಿದರು. ಗಾಡಿಯನ್ನು ಸೌನಾದಿಂದ ದೂರ, ಬರೀ ಟಾರ್ಪಾಲು ಹೊದಿಸಿ ಬಯಲಲ್ಲಿ ನಿಲ್ಲಿಸಿದರು. ಹಲಗೆ ಎದ್ದಿತು. ನಾನು ಚಪ್ಪಾಳೆ ತಟ್ಟಿದೆ. ಆದರೆ ಎದ್ದ ಹಲಗೆ ನಿಲ್ಲಲಿಲ್ಲ, ಮುದುಕನ ತಲೆ ತೂಕಡಿಕೆಗೆ ಜಾರುವಂತೆ ಮೆಲ್ಲಗೆ ಇಳಿಯಿತು. ನೀರಿನಿಂದ ಪಂಪಿನ ಒಳಗೆ ತುಕ್ಕು ಹಿಡಿದು, ಅದರ ಪುಡಿ ವಾಲ್ವಿನಲ್ಲಿ ಕೂತು, ಎಣ್ಣೆ ಹಿಂದಕ್ಕೆ ಜಾರುತ್ತಿತ್ತು. ಹೊಸ ಪಂಪೇ ಆಗಬೇಕು. ಹೇಳಿಕಳಿಸಿದರು. ದಕ್ಷಿಣದಿಂದ ಬರಬೇಕು, ಎಲ್ಲ ಕಡೆ ಹಿಮ, ತಡವಾಗುತ್ತದೆ ಎಂದು ಅಂಗಡಿಯವನು ಹೇಳಿದ.

ಅಲ್ಲಿಯವರೆಗೆ ಅತ್ತೆ ಹಲಗೆಯನ್ನು ಸರಪಳಿಯಿಂದ ಒಂದೇ ಎತ್ತರಕ್ಕೆ ಬಿಗಿದು ಕೆಲಸ ಮಾಡಿದಳು. ತಳ್ಳಬಹುದಿತ್ತು, ಎತ್ತಿ ರಾಶಿ ಹಾಕುವಂತಿರಲಿಲ್ಲ. ಬಂಡೆಯ ಸಂದಿಯ ಆಚೆ ಹಿಮ ಬಂದು ಬಂದು ಗೋಡೆಯಾಯಿತು. ಆ ಗೋಡೆಗೆ ತಗುಲಿ ಮುಂದಿನ ಹಿಮ ಸಂದಿಯೊಳಗೇ ಉಳಿಯಿತು. ದಾರಿ ದಿನದಿಂದ ದಿನಕ್ಕೆ ಕಿರಿದಾಗುತ್ತಾ ಬಂತು. ಇಲ್ಲಿಯವರಿಗೆಲ್ಲ ಗೊತ್ತು, ಹಿಮಕ್ಕೆ ಮೊದಲೇ ಜಾಗ ಮಾಡಿಡದಿದ್ದರೆ ಆಮೇಲೆ ಮಾಡಲು ಆಗುವುದಿಲ್ಲ. ಸಂಜೆ ಅತ್ತೆ ಕಾಫಿ ಲೋಟ ಹಿಡಿದು ಕಿಟಕಿಯಿಂದ ಸರೋವರದ ಕಡೆಯ ಆಕಾಶ ನೋಡುತ್ತಾ ನಿಲ್ಲುತ್ತಿದ್ದಳು. ಕಾಫಿ ಕುಡಿಯುತ್ತಿರಲಿಲ್ಲ.

ಗಾಳಿ ತಿರುಗಿದ್ದು ಒಂದು ಗುರುವಾರ. ಶುಕ್ರವಾರ ಬೆಳಿಗ್ಗೆ ಬಂಡೆಯ ಸಂದಿ ಇಲ್ಲವೇ ಇಲ್ಲ, ಎರಡು ಕಲ್ಲುಗೋಡೆಗಳ ನಡುವೆ ಹಿಮ ಸಮವಾಗಿ ತುಂಬಿತ್ತು. ಅತ್ತೆ ಗಾಡಿಯನ್ನು ಅದಕ್ಕೆ ನುಗ್ಗಿಸಿದಳು. ಹಿಂದಕ್ಕೆ ತೆಗೆದು ಮತ್ತೆ ನುಗ್ಗಿಸಿದಳು. ಸರಪಳಿ ಹರಿಯಿತು, ಹಲಗೆ ಹಿಮದೊಳಗೆ ಮುಳುಗಿ ಗಾಡಿ ಅಲ್ಲೇ ಕೂತಿತು. ಅವಳು ಇಳಿದು ಸಲಿಕೆ ತೆಗೆದುಕೊಂಡಳು. ಆಚೆಯಿಂದ ಲೆಸ್ಟರ್ ಸಲಿಕೆ ಹಿಡಿದು ಬಂದ. ಶುಕ್ರವಾರ ಹೋಯಿತು. ಶನಿವಾರವೂ ಹಿಮ ನಿಲ್ಲಲಿಲ್ಲ, ಕಣ್ಣು ಕಾಣದ ಆ ಹಿಮದಲ್ಲಿ ಕಾಡಿನ ಮೇಲಿನಿಂದ ಬರುವಂತೆಯೂ ಇರಲಿಲ್ಲ. ಭಾನುವಾರ ಬೆಳಿಗ್ಗೆ ಮಾವನಿಗೆ ಮಲಗಿದರೆ ಉಸಿರಾಡಲು ಆಗುತ್ತಿರಲಿಲ್ಲ. ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಕೂತೇ ಇದ್ದ. ತುಟಿಯ ಬಣ್ಣ ಬದಲಾಗಿತ್ತು.

ಲೆಸ್ಟರ್ ಹಿಮದ ಮೇಲೆ ಓಡುವ ತನ್ನ ಸ್ಕೂಟರಿಗೆ ಸೌದೆ ಎಳೆಯುವ ಜಾರುಬಂಡಿ ಕಟ್ಟಿಕೊಂಡು ಸಂದಿಯ ಮೇಲಿನ ಕಾಡಿನಿಂದ ಇಳಿದು ಬಂದ. ಮಾವನನ್ನು ಕಂಬಳಿಯಲ್ಲಿ ಸುತ್ತಿ ಜಾರುಬಂಡಿಯಲ್ಲಿ ಕೂರಿಸಿ ಹಗ್ಗ ಬಿಗಿದರು. ಅತ್ತೆ ಅವನ ಹಿಂದೆ ಕೂತು ಎದೆಗೆ ಆನಿಸಿಕೊಂಡಳು.

"ಲೆಸ್ಟರ್," ಎಂದ ಮಾವ, ಒಂದೊಂದು ಮಾತಿಗೂ ಉಸಿರು ತೆಗೆದುಕೊಂಡು. "ಮೆಲ್ಲಗೆ ಹೋಗೋ. ನಾನು ಸೌದೆಗಿಂತ... ಸ್ವಲ್ಪ ಬೆಲೆಬಾಳ್ತೀನಿ."

"ಯಾರು ಹೇಳಿದ್ದು?" ಎಂದ ಲೆಸ್ಟರ್. ಅವನ ಗಡ್ಡದ ಮೇಲೆ ಹಿಮ ಇತ್ತು, ಕಣ್ಣೀರೂ ಇತ್ತು.

ಸೇತುವೆಯ ಹತ್ತಿರ ಆಂಬುಲೆನ್ಸ್ ನಿಂತಿತ್ತು. ಮಾವ ಬದುಕಿದ. ಆಸ್ಪತ್ರೆಯಿಂದ ಅವನನ್ನು ನೇರವಾಗಿ ಆರೈಕೆ ಮನೆಗೆ ಕಳಿಸಿದರು. ಹೃದಯ ಸೋತಿದೆ, ಇನ್ನು ಒಂದು ದಿನವೂ ತಪ್ಪಬಾರದು ಎಂದು ಡಾಕ್ಟರು ಹೇಳಿದರು. ಅತ್ತೆ ಅವರ ಎದುರು ಕೂತು ಎಲ್ಲವನ್ನೂ ಕೇಳಿಸಿಕೊಂಡಳು, ದಾರಿಯ ಮಾತು ಎತ್ತಲಿಲ್ಲ.

ಹಿಮ ನಿಂತ ಮೇಲೆ ಪಂಪು ಬಂತು. ಲೆಸ್ಟರ್ ಒಂದು ಬೆಳಿಗ್ಗೆಯಲ್ಲಿ ಕೂರಿಸಿದ. ಸ್ವಿಚ್ಚು ಮುಟ್ಟಿದರೆ ಸಾಕು, ಹಲಗೆ ಎದ್ದು, ಎದ್ದಲ್ಲೇ ಕಲ್ಲಿನಂತೆ ನಿಲ್ಲುತ್ತಿತ್ತು. ಅತ್ತೆ ಆ ಸಂದಿಯ ಹಿಮವನ್ನು ಚೂರುಚೂರಾಗಿ ಕಡಿದು, ಹೊತ್ತು, ಎತ್ತಿ ಹಾಕಿದಳು. ಕಲ್ಲಿನಿಂದ ಕಲ್ಲಿಗೆ ನೆಲ ಕಾಣುವವರೆಗೆ ತೆಗೆದಳು. ಅಷ್ಟು ಅಗಲದ ದಾರಿಯನ್ನು ಚಳಿಗಾಲದಲ್ಲಿ ನಾನು ಯಾವತ್ತೂ ನೋಡಿರಲಿಲ್ಲ. ಕೆಲಸ ಮುಗಿದ ಮೇಲೆ ಕೈತೊಳೆದು, ಒಳ್ಳೆಯ ಕೋಟು ಹಾಕಿಕೊಂಡು, ನನ್ನನ್ನೂ ಕರೆದುಕೊಂಡು ಪಟ್ಟಣಕ್ಕೆ ಹೊರಟಳು.

ಮಾವ ಕಿಟಕಿಯ ಪಕ್ಕದ ಹಾಸಿಗೆಯಲ್ಲಿದ್ದ. ತುಂಬ ಚಿಕ್ಕವನಾಗಿ ಕಾಣುತ್ತಿದ್ದ.

"ದಾರಿ ತೆಗೆದಿದ್ದೀನಿ ಆರ್ವಿಡ್," ಎಂದಳು ಅತ್ತೆ. "ಗಾಡಿ ಸರಿಯಾಗಿದೆ. ಇನ್ನು ಕೆಡಲ್ಲ. ಯಾಕೆ ಕೆಡ್ತಿತ್ತು ಅಂತ ಈಗ ಗೊತ್ತು."

ಅವನು ಅವಳ ಕೈ ಹಿಡಿದುಕೊಂಡ.

"ಬೇಡ ಐಲಾ," ಎಂದ. "ನನಗೆ ಭಯ ಆಗುತ್ತೆ. ಆಕಾಶ ಕಪ್ಪಾದಾಗೆಲ್ಲ ನೀನು ಕಿಟಕಿ ಹತ್ರ ನಿಲ್ಲೋದನ್ನ ನೋಡೋಕೆ ನನ್ನ ಕೈಲಿ ಆಗಲ್ಲ. ಇಲ್ಲೇ ಇರ್ತೀನಿ."

"ಇಲ್ಲಿ ಕಿಟಕಿ ತೆಗೆಯೋಕೆ ಬರಲ್ಲ ಅಂತಿದ್ದೆ."

"ರೂಢಿ ಆಗುತ್ತೆ ಬಿಡು."

ರೂಢಿಯಾಗಲಿಲ್ಲ ಎಂದು ನಮಗೆಲ್ಲ ಗೊತ್ತು. ಊಟ ಅರ್ಧಕ್ಕೆ ಬಿಡುತ್ತಾನೆ. ಅತ್ತೆ ದಿನವೂ ಹೋಗಿ ಬರುತ್ತಾಳೆ. ಮೊನ್ನೆಯವರೆಗೆ ಬೆಳಿಗ್ಗೆ ಎದ್ದು ದಾರಿ ತೆಗೆಯುತ್ತಿದ್ದಳು, ಹಿಮ ಬೀಳದ ದಿನವೂ ಒಂದು ಸಲ ಗಾಡಿ ಓಡಿಸಿಕೊಂಡು ಬರುತ್ತಿದ್ದಳು. "ಇನ್ಯಾರಿಗೆ ತೆಗೀತೀರ ಡ್ರೈವರಮ್ಮ?" ಎಂದು ಲೆಸ್ಟರ್ ಒಮ್ಮೆ ಕೇಳಿದ. ಅವಳು ಕೀಲಿ ತಿರುಗಿಸಿ ಹೊರಟುಹೋದಳು. ಆಮೇಲೆ ಅವನು ಕೇಳಲಿಲ್ಲ. ಸೌನಾದ ಒಲೆಯನ್ನು ಅವಳು ಅಂದಿನಿಂದ ಹೊತ್ತಿಸಿಲ್ಲ. ನಮ್ಮ ಜನರಲ್ಲಿ ಇದು ಎಷ್ಟು ದೊಡ್ಡ ಮಾತು ಎಂದು ಓದುವವರಿಗೆ ತಿಳಿದೇ ಇರುತ್ತದೆ.

ಕಳೆದ ವಾರ ಅವಳು ಆರೈಕೆ ಮನೆಯ ಎದುರಿನ ಬೀದಿಯಲ್ಲಿ, ಬೇಕರಿಯ ಮೇಲಿನ ಒಂದು ಕೋಣೆ ಗೊತ್ತು ಮಾಡಿ ಬಂದಳು. ಗಾಡಿಯನ್ನು ಲೆಸ್ಟರನಿಗೆ ಕೊಟ್ಟಿದ್ದಾಳೆ. ಕೋಣೆಯಲ್ಲಿ ಒಂದೇ ಮಂಚ ಹಿಡಿಯುತ್ತದೆ, ಆದ್ದರಿಂದ ನಾನು ಅಪ್ಪನ ಮನೆಗೆ ಹಿಂತಿರುಗಬೇಕು. ನಾಳೆ ಬೆಳಿಗ್ಗೆ ನಾನು ಅತ್ತೆಯ ಪಾತ್ರೆಗಳನ್ನು ಹಳೆಯ ಪತ್ರಿಕೆಗಳಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬುತ್ತೇನೆ.